ಅಣ್ಣನ ವಾಚು ಯಾರ ಅಂಗಡಿಯದು

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ, ಅಂದರೆ ಇಲ್ಲಿನ ಕೃಷಿ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಹತ್ತಿಯ ಸುಗ್ಗಿ ಬಂದರೆ ತಲೆ ಎತ್ತಲು ಬಿಡುವಿರುವುದಿಲ್ಲ. ಟೆಂಡರು ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಹಣ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆದರೂ ಮೊದಲ ಸಲ ಮಾಲು ತಂದ ರೈತ ದರ ಕೇಳುವುದಕ್ಕೂ ಮುಂಚೆ ‘ಇದು ಯಾರ ಅಂಗಡಿ’ ಎಂದು ಕೇಳುತ್ತಾನೆ. ತೂಕದಲ್ಲಿ ಹೆಚ್ಚುಕಡಿಮೆಯಾದರೆ, ಪಟ್ಟಿಯಲ್ಲಿ ಬರೆದದ್ದಕ್ಕೂ ಖಾತೆಗೆ ಬಂದದ್ದಕ್ಕೂ ತಾಳೆಯಾಗದಿದ್ದರೆ ನಾಳೆ ಯಾರ ಮುಂದೆ ಬಂದು ನಿಲ್ಲಬೇಕು ಎಂಬುದನ್ನು ಅವನು ಮೊದಲೇ ತಿಳಿದುಕೊಳ್ಳುತ್ತಿರುತ್ತಾನೆ. ಆ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿಸಿಕೊಂಡ ನನಗೆ, ಅಣ್ಣನ ನಿವೃತ್ತಿಗೆ ಒಂದು ಒಳ್ಳೆಯ ವಾಚು ಕೊಳ್ಳಬೇಕೆಂದು ಮೊಬೈಲ್ ಹಿಡಿದು ಕೂತಾಗ ಅದೇ ಪ್ರಶ್ನೆ ಎದುರಾಯಿತು. ಪರದೆಯ ಮೇಲೆ ಒಂದಕ್ಕಿಂತ ಒಂದು ಚೆಂದದ ಅಂಗಡಿಗಳು. ಯಾವುದು ಯಾರದು ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಅಣ್ಣ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ ಮಾಡಿದವನು. ಅವನು ಸೇರಿದಾಗ ಅಲ್ಲಿ ಎರಡೇ ಘಟಕಗಳು ನಡೆಯುತ್ತಿದ್ದವು. ಈಗ ಎಂಟು, ಒಟ್ಟು 1,720 ಮೆಗಾವ್ಯಾಟ್. ಅಪ್ಪ ತೀರಿಕೊಂಡ ಮೇಲೆ ನಮ್ಮ ಮೂವರ ಓದು, ಅಕ್ಕನ ಮದುವೆ ಎಲ್ಲವೂ ಅವನ ಸಂಬಳದಲ್ಲೇ ನಡೆದವು. ಅವನದು ರಾತ್ರಿಪಾಳಿ ಇದ್ದ ವಾರ ನಾವು ಹಗಲಿನಲ್ಲಿ ರೇಡಿಯೊ ಹಚ್ಚುತ್ತಿರಲಿಲ್ಲ. ಅಂಗಳದಲ್ಲಿ ಆಡಲು ಬಂದ ಹುಡುಗರನ್ನು ಅವ್ವ ಬೀದಿಯ ಆ ತುದಿಗೆ ಕಳಿಸುತ್ತಿದ್ದಳು. ಕಂಟ್ರೋಲ್ ರೂಮಿನಲ್ಲಿ ಗಂಟೆಗೊಮ್ಮೆ ಮಾಪಕಗಳ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ಅವನದು. ಅಷ್ಟು ವರ್ಷ ಗಂಟೆ ನೋಡಿಯೇ ಬದುಕಿದವನ ಕೈಯಲ್ಲಿ ಇದ್ದದ್ದು ಸೆಲ್ಲಿನ ಒಂದು ಸಾದಾ ವಾಚು, ಬೆಲ್ಟು ಹರಿದಾಗಲೆಲ್ಲ ಹೊಸದು ಹಾಕಿಸಿದ್ದು. ಕೀ ಕೊಡುವ ವಾಚು ಕಟ್ಟಿಕೊಂಡು ಜನರೇಟರ್ ಹತ್ತಿರ ಓಡಾಡಬಾರದು ಎಂದು ಅವನೇ ಹೇಳುತ್ತಿದ್ದ. ಒಳಗಿನ ಕೂದಲೆಳೆಯಂತಹ ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ಮುಂದೆ ಓಡತೊಡಗುತ್ತದೆ. ನಿವೃತ್ತನಾದ ಮೇಲೆ ಆ ಭಯವಿಲ್ಲವಲ್ಲ, ಈಗಲಾದರೂ ಅವನ ಕೈಗೆ ಒಂದು ಒಳ್ಳೆಯ ಯಂತ್ರದ ವಾಚು ಕಟ್ಟೋಣ ಎಂದು ನಾನೇ ಮಾತು ತೆಗೆದೆ.

ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಬಂಗಾರದ ಉಂಗುರ ಮಾಡಿಸುವ ಮನಸ್ಸಿತ್ತು. ಅವಳ ಮಾತಿನಲ್ಲಿ ನ್ಯಾಯವಿತ್ತು. ಬಂಗಾರದ ಅಂಗಡಿಯವರು ನಮ್ಮ ಅವ್ವನ ಕಾಲದಿಂದ ಗೊತ್ತಿದ್ದವರು. ಅವರನ್ನು ನಂಬದಿದ್ದರೂ ಈಗ ಹಾಲ್‌ಮಾರ್ಕ್ ಜೊತೆಗೆ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಇದೆ. 2023ರ ಏಪ್ರಿಲ್‌ನಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಯಾರು ಬೇಕಾದರೂ ನೋಡಬಹುದು. ವಾಚಿಗೆ ಸರ್ಕಾರದ ಅಂತಹ ಯಾವ ಮುದ್ರೆಯೂ ಇಲ್ಲ. ಹಿಂಬದಿಯಲ್ಲಿ ಕಂಪನಿ ಕೆತ್ತಿದ ಸಂಖ್ಯೆಯೊಂದೇ. ಅದನ್ನು ನಕಲಿ ಮಾಡುವವನೂ ಕೆತ್ತಬಲ್ಲ. ಆದರೂ ಅಕ್ಕ ಒಪ್ಪಿದಳು, ಏಕೆಂದರೆ ಅಣ್ಣನ ಸ್ವಭಾವ ಅವಳಿಗೂ ಗೊತ್ತು. ಉಂಗುರ ಕೊಟ್ಟರೆ ವಾರದೊಳಗೆ ಅದು ಸೊಸೆಯ ಕೈಗೋ ಮಗಳ ಕೈಗೋ ಹೋಗುತ್ತದೆ. ವಾಚನ್ನು ಅವನೇ ಕಟ್ಟಿಕೊಳ್ಳಬೇಕು.

ಇಷ್ಟಾದ ಮೇಲೆ ಹೈದರಾಬಾದಿಗೆ ಹೋಗಿ ತಂದರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳುತ್ತಾರೆ. ನಮ್ಮ ಕಡೆಯವರಿಗೆ ಮದುವೆಯ ಜವಳಿಯಿಂದ ಆಸ್ಪತ್ರೆಯವರೆಗೆ ದೊಡ್ಡ ಕೆಲಸಕ್ಕೆಲ್ಲ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹೋಗಿಯೂ ನೋಡಿದೆ. ಅಣ್ಣನ ಕಣ್ಣಿಗೆ ಈಗ ಸಣ್ಣ ಗೆರೆಗಳು ಕಾಣುವುದಿಲ್ಲ. ಬಿಳಿ ಡಯಲು, ಎದ್ದು ಕಾಣುವ ಕಪ್ಪು ಅಂಕಿಗಳು ಬೇಕು. ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಲಾಂಜೀನ್ ಎಂಬ ಸ್ವಿಸ್ ಕಂಪನಿಯ ಆಟೊಮ್ಯಾಟಿಕ್, ಕೈ ಆಡಿದಂತೆ ತಾನೇ ಕೀ ಕೊಟ್ಟುಕೊಳ್ಳುವ ವಾಚು. ಅದರಲ್ಲಿ ಅಂಥ ಡಯಲಿನದು ಆ ಅಂಗಡಿಯಲ್ಲಿ ಇರಲಿಲ್ಲ. ಅದೇ ಸಂಜೆ ಪುಣೆಯಿಂದ ತಮ್ಮ ಒಂದು ಕೊಂಡಿ ಕಳಿಸಿದ. ಅದೇ ವಾಚು, ಅದೇ ಡಯಲು, ಹೆಚ್ಚುಕಡಿಮೆ ಅರ್ಧ ಬೆಲೆ. ‘ಅಣ್ಣನಿಗೆ ಎಂದು ಹೇಳಿ ದುಬಾರಿ ಅಂಗಡಿಗೆ ದುಡ್ಡು ಸುರಿಯುವುದು ಏಕೆ’ ಎಂಬುದು ಅವನ ವಾದ. ಆ ಅರ್ಧ ಬೆಲೆಯೇ ನನ್ನ ನಿದ್ದೆ ಕೆಡಿಸಿತು. ಗಂಜಿನಲ್ಲಿ ಒಬ್ಬ ಖರೀದಿದಾರ ಎಲ್ಲರಿಗಿಂತ ಎರಡು ನೂರು ಹೆಚ್ಚು ಕೂಗಿದರೆ ನಾವು ಕಾರಣ ಹುಡುಕುತ್ತೇವೆ. ಒಬ್ಬ ಮಾರಾಟಗಾರ ಅರ್ಧಕ್ಕೆ ಇಳಿದರೆ ಹುಡುಕದೆ ಇರುವುದು ಹೇಗೆ?

ಅಸಲಿ ಮತ್ತು ನಕಲಿಯ ನಡುವೆ

ನಾನು ಮೊದಲು ಅಂದುಕೊಂಡಂತೆ ಇದು ಅಸಲಿ-ನಕಲಿ ಎಂಬ ಎರಡೇ ಬಗೆಯ ವ್ಯವಹಾರವಾಗಿರಲಿಲ್ಲ. ನಡುವೆ ಗ್ರೇ ಮಾರ್ಕೆಟ್ ಎಂಬ ದೊಡ್ಡ ಪೇಟೆಯಿದೆ. ಅಲ್ಲಿ ಮಾರುವ ವಾಚು ಕಂಪನಿಯ ಕಾರ್ಖಾನೆಯಿಂದಲೇ ಬಂದದ್ದಿರಬಹುದು. ಬೇರೆ ದೇಶದ ಅಧಿಕೃತ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಲನ್ನು ಯಾರೋ ಸಗಟಾಗಿ ಎತ್ತಿಕೊಳ್ಳುತ್ತಾರೆ, ಅದು ಕೈ ದಾಟಿ ಕೈ ದಾಟಿ ಇಲ್ಲಿಗೆ ಬರುತ್ತದೆ. ವಾಚು ಅಸಲಿ, ಆದರೆ ಮಾರುವವನಿಗೂ ಕಂಪನಿಗೂ ಸಂಬಂಧವಿಲ್ಲ. ಹಾಗಾಗಿ ಕಂಪನಿಯ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದರ ಬದಲು ಅಂಗಡಿಯವನೇ ತನ್ನ ವಾರಂಟಿ ಎಂದು ಚೀಟಿ ಕೊಡುತ್ತಾನೆ. ಅಂಗಡಿ ಇರುವವರೆಗೆ ಆ ಚೀಟಿಗೆ ಬೆಲೆ. ಕೆಲವು ಪೆಟ್ಟಿಗೆಗಳಲ್ಲಿ ವಾರಂಟಿ ಕಾರ್ಡೇ ಇರುವುದಿಲ್ಲ, ಕೆಲವದರಲ್ಲಿ ಬೇರೆ ದೇಶದ ಅಂಗಡಿಯ ಹೆಸರು, ಹಿಂದಿನ ಯಾವುದೋ ವರ್ಷದ ದಿನಾಂಕ ಇರುತ್ತದೆ. ತನಗಾಗಿ ಕೊಳ್ಳುವವನು ಇದನ್ನೆಲ್ಲ ತಿಳಿದೇ ಒಪ್ಪಿಕೊಂಡರೆ ಅದು ಅವನ ಲೆಕ್ಕ. ಉಡುಗೊರೆಗೆ ಇದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆಯ ಅಂತರಕ್ಕೆ ಇನ್ನೊಂದು ಕಾರಣ ಸುಂಕ. ಸ್ವಿಸ್ ವಾಚುಗಳ ಮೇಲೆ ನಮ್ಮಲ್ಲಿ ಕೆಲವು ವರ್ಷಗಳಿಂದ 20 ಪ್ರತಿಶತ ಮೂಲ ಆಮದು ಸುಂಕವಿತ್ತು, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟನ್‌ಸ್ಟೈನ್ ಸೇರಿದ ಎಫ್ಟಾ ಕೂಟದ ಜೊತೆ 2024ರ ಮಾರ್ಚ್‌ನಲ್ಲಿ ಸಹಿಯಾದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸ್ವಿಸ್ ವಾಚುಗಳ ಸುಂಕ ವರ್ಷದಿಂದ ವರ್ಷಕ್ಕೆ ಇಳಿಯಬೇಕು. ಅದೆಲ್ಲ ಸರಿ. ಆದರೆ ಸುಂಕ ಕಟ್ಟಿ ತಂದ ಮಾಲಿಗೆ ಸರಿಯಾದ ಬಿಲ್ಲು ಇರುತ್ತದೆ. ಸೂಟ್‌ಕೇಸಿನಲ್ಲಿ ಬಂದದ್ದಕ್ಕೆ ಬಿಲ್ಲು ಕೇಳಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಇನ್ನು ರೋಲೆಕ್ಸ್ ಬಯಸುವವರಿಗೆ ಒಂದು ಮಾತು: ಅದರ ಅಧಿಕೃತ ಅಂಗಡಿಗಳು ಹೊಸ ರೋಲೆಕ್ಸನ್ನು ಆನ್‌ಲೈನ್‌ನಲ್ಲಿ ಮಾರುವುದೇ ಇಲ್ಲ. ‘ಹೊಸ ರೋಲೆಕ್ಸ್, ಮನೆಬಾಗಿಲಿಗೆ’ ಎಂಬ ಜಾಹೀರಾತು ಕಂಡರೆ ಅದು ಕಂಪನಿಯ ಅಂಗಡಿಯದಲ್ಲ ಎಂದು ಅಲ್ಲಿಯೇ ತಿಳಿದುಕೊಳ್ಳಬಹುದು.

ಅಕ್ಕನಿಗೆ ಮಧ್ಯದಲ್ಲಿ ಇನ್ನೊಂದು ಯೋಚನೆ ಬಂತು. ಅಣ್ಣ ಕೆಲಸಕ್ಕೆ ಸೇರಿದ ಕಾಲದ ಎಚ್‌ಎಂಟಿ ವಾಚೊಂದನ್ನು ಹುಡುಕಿ ಕೊಟ್ಟರೆ ಹೇಗೆ ಎಂದಳು. ಚೆಂದದ ಯೋಚನೆ. ಆದರೆ ಹಳೆಯ ಎಚ್‌ಎಂಟಿ ಎಂದು ಆನ್‌ಲೈನ್‌ನಲ್ಲಿ ಮಾರುವ ಬಹಳಷ್ಟು ವಾಚುಗಳ ಡಯಲಿಗೆ ಮತ್ತೆ ಬಣ್ಣ ಬಳಿದಿರುತ್ತಾರೆ. ಒಳಗೆ ಒಂದರ ಚಕ್ರ, ಇನ್ನೊಂದರ ಮುಳ್ಳು. ಕಂಪನಿ ಎಂದೂ ಮಾಡದ ಬಣ್ಣಗಳೂ ಸಿಗುತ್ತವೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಶುರುವಾದ ಆ ಕಾರ್ಖಾನೆಯ ಬಗ್ಗೆ ನಮ್ಮ ಜನರಿಗಿರುವ ಪ್ರೀತಿಯನ್ನು ಹೀಗೆ ಬಣ್ಣ ಹಚ್ಚಿ ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ದಾರಿ ಬಿಟ್ಟೆವು.

ತೀನ್ ಕಂದಿಲ್ ಬಳಿಯ ಅಂಗಡಿಯಲ್ಲಿ

ತೀನ್ ಕಂದಿಲ್‌ಗೆ ಹತ್ತಿರದ ಗಲ್ಲಿಯೊಂದರಲ್ಲಿ ವಾಚು ರಿಪೇರಿ ಮಾಡುವ ಹಿರಿಯರಿದ್ದಾರೆ. ಚಾಚಾ ಎಂದೇ ಎಲ್ಲರೂ ಕರೆಯುವುದು. ಗಾಜಿನ ಪೆಟ್ಟಿಗೆಯ ಹಿಂದೆ ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಂಗಡಿ. ತಮ್ಮ ಕಳಿಸಿದ ಚಿತ್ರಗಳನ್ನು ತೋರಿಸಿ ಕೇಳೋಣವೆಂದು ಹೋದಾಗ ಅಲ್ಲಿ ನಿವೃತ್ತ ಮೇಷ್ಟರೊಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ವಾಚು. ಹೊರದೇಶದಲ್ಲಿರುವ ಅಳಿಯ ಕೊಟ್ಟದ್ದಂತೆ. ದೊಡ್ಡ ಹೆಸರಿನ ಕಂಪನಿಯದು, ಹಿಂಬದಿಯಲ್ಲಿ ‘ಆಟೊಮ್ಯಾಟಿಕ್’ ಎಂದು ಕೆತ್ತಿತ್ತು. ಕೈಗೆ ಕಟ್ಟಿಕೊಂಡೇ ಇದ್ದರೂ ನಿಂತುಹೋಗಿದೆ ಎಂಬುದು ಅವರ ದೂರು.

ಚಾಚಾ ಕಣ್ಣಿಗೆ ಕನ್ನಡಿ ಏರಿಸಿ, ಹಿಂದಿನ ಮುಚ್ಚಳದ ಸಂದಿಗೆ ತೆಳುವಾದ ಅಲಗು ಒತ್ತಿದರು. ಟಕ್ ಎಂದು ತೆರೆಯಿತು. ಒಳಗೆ ಬೆರಳಿನ ಉಗುರಿನಷ್ಟು ಚಿಕ್ಕ ಮಷೀನು, ಅದು ಅಲುಗಾಡದಂತೆ ಸುತ್ತಲೂ ತುರುಕಿದ ಬಿಳಿ ಪ್ಲಾಸ್ಟಿಕ್ಕಿನ ಬಳೆ, ನಡುವೆ ಗುಂಡನೆಯ ಸೆಲ್ಲು. ಆಟೊಮ್ಯಾಟಿಕ್ ವಾಚಿನಲ್ಲಿ ಕೈ ಆಡಿದಂತೆಲ್ಲ ತಿರುಗುವ ಅರ್ಧಚಂದ್ರಾಕಾರದ ತೂಕವೊಂದು ಇರಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಚಾಚಾ ಏನನ್ನೂ ಹೇಳಲಿಲ್ಲ. ಮುಚ್ಚಳವನ್ನು ಪಕ್ಕಕ್ಕಿಟ್ಟು ಮೇಷ್ಟರ ಕಡೆ ನೋಡಿದರು. ಮೇಷ್ಟರು ಸ್ವಲ್ಪ ಹೊತ್ತು ಆ ಬಿಳಿ ಬಳೆಯನ್ನೇ ನೋಡುತ್ತಿದ್ದು, ‘ಸೆಲ್ಲು ಹಾಕಿ ಕೊಡಿ’ ಎಂದರು. ಮುಚ್ಚಳ ಮುಚ್ಚುವಾಗ ಇನ್ನೊಂದು ಮಾತು ಸೇರಿಸಿದರು: ‘ಅಳಿಯಂದಿರು ಹಬ್ಬಕ್ಕೆ ಬರುತ್ತಾರೆ. ಅವರು ಯಾವಾಗಲಾದರೂ ನಿಮ್ಮ ಅಂಗಡಿಗೆ ಬಂದರೆ ಈ ವಿಷಯ ತೆಗೆಯಬೇಡಿ.’ ಚಾಚಾ ಸೆಲ್ಲಿನ ದುಡ್ಡು ಮಾತ್ರ ತೆಗೆದುಕೊಂಡರು.

ಆ ಅಳಿಯ ಮೋಸ ಮಾಡಿದನೆಂದು ನನಗೆ ಅನಿಸಲಿಲ್ಲ. ಪೂರಾ ಬೆಲೆ ಕೊಟ್ಟೇ ತಂದಿರಬಹುದು. ಯಾರೋ ಅವನಿಗೆ ಮೋಸ ಮಾಡಿದರು, ಅದು ಅವನಿಗೆ ಎಂದೂ ಗೊತ್ತಾಗುವುದಿಲ್ಲ, ಏಕೆಂದರೆ ಗೊತ್ತಾಗದಂತೆ ಮಾವನೇ ನೋಡಿಕೊಳ್ಳುತ್ತಿದ್ದಾರೆ. ಉಡುಗೊರೆಯಾಗಿ ಹೋದ ನಕಲಿ ಮಾಲಿನ ಬಗ್ಗೆ ದೂರು ಬರುವುದೇ ಇಲ್ಲ. ಪಡೆದವರು ನುಂಗಿಕೊಳ್ಳುತ್ತಾರೆ, ಕೊಟ್ಟವರು ಸಂತೋಷದಿಂದಿರುತ್ತಾರೆ, ಮಾರಿದವನು ಮುಂದಿನ ಗಿರಾಕಿಯನ್ನು ಹುಡುಕುತ್ತಾನೆ. ನನ್ನ ಅಣ್ಣನಾದರೂ ಮೇಷ್ಟರಂತೆಯೇ ಮಾಡುತ್ತಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ. ತಮ್ಮಂದಿರು ಮೋಸಹೋದರು ಎಂದು ತಿಳಿದರೆ ಆ ವಾಚನ್ನು ಇನ್ನೂ ಎಚ್ಚರಿಕೆಯಿಂದ ಕಟ್ಟಿಕೊಂಡು ಓಡಾಡುತ್ತಿದ್ದ. ತನಗಾಗಿ ಕೊಳ್ಳುವಾಗ ನಷ್ಟಕ್ಕೆ ತಾನೇ ಹೊಣೆ ಎಂದು ಧೈರ್ಯ ಮಾಡಬಹುದು. ಇನ್ನೊಬ್ಬರಿಗೆ ಕೊಳ್ಳುವಾಗ ಆ ಧೈರ್ಯವನ್ನು ಅವರ ತಲೆಯ ಮೇಲೆ ಹೊರಿಸಿದಂತಾಗುತ್ತದೆ.

ಮೇಷ್ಟರು ಹೋದ ಮೇಲೆ ಚಾಚಾ ನನ್ನ ಮೊಬೈಲಿನ ಚಿತ್ರಗಳನ್ನು ನೋಡಿದರು. ಸೆಲ್ಲಿನ ವಾಚಿನ ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಗಂಟೆಗೆ 28,800 ಸಲ ಮಿಡಿಯುವ ಯಂತ್ರದ ವಾಚಿನಲ್ಲಿ ಸೆಕೆಂಡಿಗೆ ಎಂಟು ಸಲ ಸರಿಯುವುದರಿಂದ ತೇಲಿದಂತೆ ಕಾಣುತ್ತದೆ. ಈ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಅದು ಅಗ್ಗದ ನಕಲಿಗೆ ಮಾತ್ರ ಸಾಕು ಎಂದರು ಅವರು. ಒಳ್ಳೆಯ ನಕಲಿಗಳಲ್ಲಿ ಈಗ ಯಂತ್ರವನ್ನೇ ಹಾಕುತ್ತಾರೆ, ಚಿತ್ರ ನೋಡಿ ಹೇಳಲಾಗುವುದಿಲ್ಲ. ‘ಹೊಸ ವಾಚನ್ನು ನನ್ನ ಹತ್ತಿರ ತಂದು ಬಿಚ್ಚಿಸಿದರೆ ಕಂಪನಿಯವರು ವಾರಂಟಿ ಕೊಡುವುದಿಲ್ಲ ತಮ್ಮಾ. ವಾಚು ಆಮೇಲೆ ನೋಡು, ಅಂಗಡಿ ಮೊದಲು ನೋಡು.’ ಅವರ ಮಾತು ಕೇಳಿದ ಮೇಲೆ ನಾನು ಡಯಲಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವುದನ್ನು ಬಿಟ್ಟು, ಗಂಜಿನಲ್ಲಿ ದಿನವೂ ಮಾಡುವ ಕೆಲಸವನ್ನೇ ಇಲ್ಲಿಯೂ ಶುರು ಮಾಡಿದೆ.

ಸಂಖ್ಯೆಯಲ್ಲಿ ಅಡಗಿದ ಅಕ್ಷರ

ನಮ್ಮ ಅಂಗಡಿಗೆ ಹೊಸ ಮಿಲ್ಲಿನ ಖರೀದಿದಾರ ಬಂದರೆ ಮೊದಲು ಕೇಳುವುದು ಅವನ ಜಿಎಸ್‌ಟಿ ಸಂಖ್ಯೆ. ಹದಿನೈದು ಅಕ್ಷರ-ಅಂಕಿಗಳ ಆ ಸಾಲನ್ನು ಓದಲು ಬಂದರೆ ಬಹಳ ಸಂಗತಿ ತಿಳಿಯುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ ಅವನು ಯಾರೆಂದು ಹೇಳುತ್ತದೆ: ‘ಪಿ’ ಇದ್ದರೆ ಒಬ್ಬ ವ್ಯಕ್ತಿ, ‘ಎಫ್’ ಇದ್ದರೆ ಪಾಲುದಾರಿಕೆ, ‘ಸಿ’ ಇದ್ದರೆ ಕಂಪನಿ. ಜಿಎಸ್‌ಟಿ ಪೋರ್ಟಲಿನಲ್ಲಿ ಸಂಖ್ಯೆ ಹಾಕಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನಾಂಕ, ಅದು ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದೂ ಬರುತ್ತದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಲಕ್ಷದ ವಾಚು ಕೊಳ್ಳುವವರು ಈ ಎರಡು ನಿಮಿಷದ ಕೆಲಸ ಏಕೆ ಮಾಡುವುದಿಲ್ಲವೋ ನನಗೆ ತಿಳಿಯದು.

ತಮ್ಮ ಕಳಿಸಿದ ಅಂಗಡಿಯ ಪುಟದಲ್ಲಿ ಆ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಊರಿನ ವಿಳಾಸವೂ ಇಲ್ಲ, ವಾಟ್ಸ್‌ಆ್ಯಪ್ ಮಾತ್ರ. ಬರೆದು ಕೇಳಿದೆ. ಬಿಲ್ಲು ಜಿಎಸ್‌ಟಿ ಸಹಿತ ಸಿಗುತ್ತದೆ ಎಂದು ಉತ್ತರ ಬಂತು. ಸಂಖ್ಯೆ ಕೊಡಿ ಎಂದೆ. ಒಂದೇ ವಾಚು ಉಳಿದಿದೆ, ಅರ್ಧ ಹಣ ಈಗ ಹಾಕಿದರೆ ತೆಗೆದಿಡುತ್ತೇವೆ ಎಂದು ಬಂತು. ಮತ್ತೆ ಸಂಖ್ಯೆ ಕೇಳಿದೆ. ಬಹಳ ಹೊತ್ತಿನ ಮೇಲೆ ಕಳಿಸಿದರು. ಪುಟದ ತುಂಬ ಸ್ವಿಟ್ಜರ್ಲೆಂಡಿನ ಹೆಸರು, ಕಂಪನಿಯ ಭಾರತದ ಶಾಖೆ ಎಂಬ ಮಾತು. ಸಂಖ್ಯೆಯಲ್ಲಿ ಪ್ಯಾನಿನ ನಾಲ್ಕನೇ ಅಕ್ಷರ ‘ಪಿ’. ಪೋರ್ಟಲಿನಲ್ಲಿ ಬಂದದ್ದು ಒಬ್ಬ ವ್ಯಕ್ತಿಯ ಹೆಸರು, ಮೊಬೈಲ್ ಬಿಡಿಭಾಗದ ವ್ಯಾಪಾರ, ನೋಂದಣಿ ರದ್ದು. ಆ ಬಡಪಾಯಿಯ ಸಂಖ್ಯೆಯನ್ನು ಇವರು ಎಲ್ಲಿಂದ ಎತ್ತಿಕೊಂಡರೋ. ಅದೇ ಪುಟದ ವಾಪಸಾತಿ ನಿಯಮಗಳನ್ನು ಕೊನೆಯವರೆಗೆ ಓದಿದರೆ ನಡುವೆ ಒಂದು ಕಡೆ ‘ಬೂಟಿನ ಅಳತೆ ಸರಿಹೋಗದಿದ್ದರೆ’ ಎಂದು ಇತ್ತು. ಬೇರೆ ಯಾವುದೋ ಚಪ್ಪಲಿ ಅಂಗಡಿಯ ನಿಯಮವನ್ನು ತಂದು ಅಂಟಿಸಿ, ಆ ಒಂದು ಸಾಲು ತಿದ್ದುವುದನ್ನು ಮರೆತಿದ್ದರು. ತಮ್ಮನಿಗೆ ಇದನ್ನೆಲ್ಲ ಕಳಿಸಿದೆ. ಅವನಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ‘ಸರಿ ಅಣ್ಣಾ, ನೀನೇ ನೋಡು’ ಎಂದ.

ಕಾನೂನು ನಮ್ಮ ಕಡೆಗಿದೆ ಎಂಬುದನ್ನು ಜನ ಮರೆತಿದ್ದಾರೆ. ಆನ್‌ಲೈನ್ ಮಾರಾಟಕ್ಕೆಂದೇ 2020ರಲ್ಲಿ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಇಂತಹ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಎದ್ದು ಕಾಣುವಂತೆ ಹಾಕಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ದೊಡ್ಡ ಉಪಕಾರ ಮಾಡಿದೆ. ಮಾರಿದವನು ದಿಲ್ಲಿಯಲ್ಲೇ ಇರಲಿ ಮುಂಬಯಿಯಲ್ಲೇ ಇರಲಿ, ನಾನು ವಾಸಿಸುವ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕಿಂತ ನನಗೆ ಹಿಡಿಸಿದ್ದು ‘ಗ್ರಾಹಕ’ ಯಾರು ಎಂಬುದಕ್ಕೆ ಆ ಕಾಯ್ದೆ ಕೊಟ್ಟ ವಿವರಣೆ: ಕೊಂಡವನಷ್ಟೇ ಅಲ್ಲದೆ, ಕೊಂಡವನ ಒಪ್ಪಿಗೆಯಿಂದ ಅದನ್ನು ಬಳಸುವವನೂ ಗ್ರಾಹಕ. ಹಾಗೆ ನೋಡಿದರೆ ಮೇಷ್ಟರಿಗೂ ಹಕ್ಕಿದೆ, ನಮ್ಮ ಅಣ್ಣನಿಗೂ ಇದೆ. ಆದರೆ ಹೆಸರು, ವಿಳಾಸ ಇಲ್ಲದವನ ಮೇಲೆ ಆಯೋಗ ನೋಟಿಸ್ ಯಾರಿಗೆ ಕಳಿಸಬೇಕು? ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ದಾಟಿಹೋಗುವ ಮೊದಲು ತಡೆಯುವ ಅವಕಾಶವಿದೆ, ಸರಕಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳಲು ಆ ವಿಳಾಸದ ಸಾಲು ಮೊದಲೇ ಬೇಕು.

ದೊಡ್ಡ ಮಾರಾಟ ತಾಣಗಳಲ್ಲಿಯೂ ಇದೇ ತೊಡಕು. ತಾಣದ ಹೆಸರು ದೊಡ್ಡದು, ಮಾರುವವನು ಬೇರೆ. ಅವನ ಹೆಸರು ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸೀರೆಗೋ ಮಿಕ್ಸಿಗೋ ಅದು ನಡೆಯುತ್ತದೆ, ಈ ಬೆಲೆಯ ವಾಚಿಗೆ ಆ ಸಣ್ಣ ಅಕ್ಷರವನ್ನು ಓದದೆ ಕೊಳ್ಳಬಾರದು.

ಉತ್ತರ ಕೊಟ್ಟ ಅಂಗಡಿ

ಕೊನೆಗೆ ದಾರಿಯನ್ನು ತಿರುಗಿಸಿ ಹಿಡಿದೆ. ಹುಡುಕಾಟದಲ್ಲಿ ಸಿಕ್ಕ ಅಂಗಡಿಯಿಂದ ವಾಚಿನ ಕಡೆ ಹೋಗುವ ಬದಲು, ವಾಚಿನ ಕಂಪನಿಯ ಸ್ವಂತ ಪುಟಕ್ಕೆ ಹೋಗಿ ಭಾರತದ ಅಧಿಕೃತ ಮಾರಾಟಗಾರರ ಪಟ್ಟಿ ತೆಗೆದೆ. ಪಟ್ಟಿಯಲ್ಲಿದ್ದ ಹೆಸರು, ವಿಳಾಸಗಳಿಂದ ಅವರವರ ಆನ್‌ಲೈನ್ ಅಂಗಡಿಗೆ ಹೋದೆ. ಜಾಹೀರಾತಿನ ಕೊಂಡಿ ಒತ್ತಿ ಹೋದರೆ ಅದೇ ಹೆಸರಿನ ನಕಲಿ ಪುಟಕ್ಕೆ ಹೋಗುವ ಅಪಾಯವಿದೆ. ಒಂದು ಅಕ್ಷರ ಆಚೀಚೆಯಾಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಬಿಳಿ ಡಯಲಿನ ವಾಚು ಬೇರೊಂದು ಊರಿನ ಅಂಗಡಿಯಲ್ಲಿತ್ತು. ಫೋನ್ ಎತ್ತಿದ ಹೆಣ್ಣುಮಗಳು ನನ್ನ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರಿಸಿದರು. ನಾನು ಕೇಳದ ಸಂಗತಿಗಳನ್ನೂ ಹೇಳಿದರು. ವಾರಂಟಿ ಬಿಲ್ಲಿನ ದಿನಾಂಕದಿಂದ ಶುರುವಾಗುತ್ತದೆ, ಸಮಾರಂಭ ಇನ್ನೂ ದೂರವಿದ್ದರೆ ಈಗಲೇ ತರಿಸಬೇಡಿ ಸರ್ ಎಂದರು. ಹಿಂದೆ ಹೆಸರು ಕೆತ್ತಿಸಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೊದಲು ಕಟ್ಟಿ ನೋಡಲಿ, ಆಮೇಲೆ ಕೆತ್ತಿಸಿ ಎಂದರು. ಕೆಟ್ಟರೆ ಏನು ಮಾಡಬೇಕು ಎಂದು ಕೇಳಿದೆ. ತಮ್ಮನ ಅಂಗಡಿಯವರಿಗೂ ಇದನ್ನೇ ಕೇಳಿದ್ದೆ. ‘ಸ್ವಿಸ್ ವಾಚು ಕೆಡುವುದಿಲ್ಲ ಸರ್’ ಎಂದಿದ್ದರು. ಇವರು ಹಾಗೆ ಹೇಳಲಿಲ್ಲ. ಯಾವ ಊರಿನ ಸರ್ವಿಸ್ ಸೆಂಟರಿಗೆ ಒಯ್ಯಬೇಕು, ಕಾರ್ಡಿನ ಜೊತೆ ಏನು ತರಬೇಕು, ಎಷ್ಟು ದಿನ ಹಿಡಿಯಬಹುದು ಎಂದು ಒಂದೊಂದಾಗಿ ಹೇಳಿದರು. ನನಗೆ ನಂಬಿಕೆ ಬಂದದ್ದು ಅಲ್ಲಿ.

ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆವು. ತಕರಾರು ಬಂದರೆ ಬ್ಯಾಂಕಿನ ಮೂಲಕ ಪ್ರಶ್ನಿಸಲು ಚಾರ್ಜ್‌ಬ್ಯಾಕ್ ಎಂಬ ದಾರಿ ಅದರಲ್ಲಿದೆ. ಯಾರದೋ ಖಾಸಗಿ ಯುಪಿಐ ಖಾತೆಗೆ ಹಾಕಿದ ಹಣಕ್ಕೆ ಅಂತಹ ದಾರಿ ಇಲ್ಲ. ವಿಮೆ ಮಾಡಿದ ಪಾರ್ಸೆಲ್ ಗಂಜಿನ ವಿಳಾಸಕ್ಕೇ ಬಂತು, ಮನೆಗೆ ಬಂದರೆ ಅಣ್ಣನ ಕಿವಿಗೆ ಬೀಳುತ್ತದೆಂದು. ಸೀಲು ಸರಿಯಿದೆಯೇ ನೋಡಿ, ನಮ್ಮ ಹಮಾಲರ ಹುಡುಗನ ಕೈಗೆ ಮೊಬೈಲ್ ಕೊಟ್ಟು ಬಿಚ್ಚುವುದನ್ನೆಲ್ಲ ಚಿತ್ರೀಕರಿಸಿದೆ. ತೂಕದ ಕಲ್ಲುಗಳ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು, ವಾಚಿನ ಹಿಂಬದಿಯ ಸಂಖ್ಯೆ, ಕಾರ್ಡಿನ ಸಂಖ್ಯೆ, ಬಿಲ್ಲಿನ ಸಂಖ್ಯೆ ಮೂರನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿದೆ. ಹುಡುಗನೂ ಜೊತೆಗೆ ಓದಿದ. ಮೂರೂ ಒಂದೇ.

ಬಿಲ್ಲು ಯಾರ ಹತ್ತಿರ ಇರಬೇಕು

ಎಲ್ಲ ಮುಗಿಯಿತು ಅಂದುಕೊಂಡಾಗ ಅಕ್ಕ ಮತ್ತು ತಮ್ಮನ ನಡುವೆ ಹೊಸ ಚರ್ಚೆ ಎದ್ದಿತು. ಉಡುಗೊರೆಯ ಜೊತೆ ಬಿಲ್ಲು ಕೊಡಬೇಕೇ? ನಮ್ಮಲ್ಲಿ ಉಡುಗೊರೆಯ ಬೆಲೆಚೀಟಿ ಕಿತ್ತು ಕೊಡುವುದೇ ರೂಢಿ. ಬೆಲೆ ತೋರಿಸಿ ಕೊಟ್ಟರೆ ಲೆಕ್ಕ ಒಪ್ಪಿಸಿದಂತೆ ಎಂದು ತಮ್ಮ. ನಾಳೆ ನಾವು ಮೂವರೂ ದೂರದಲ್ಲಿದ್ದಾಗ ವಾಚು ನಿಂತರೆ ಅಣ್ಣ ಯಾರನ್ನು ಕೇಳಿಕೊಂಡು ಓಡಾಡಬೇಕು, ಕಾಗದ ಅವನ ಹತ್ತಿರವೇ ಇರಲಿ ಎಂದು ಅಕ್ಕ. ಇಬ್ಬರದೂ ಸರಿಯೇ. ಚಾಚಾ ಅಂಗಡಿಯ ಆ ಮಧ್ಯಾಹ್ನ ನೋಡಿದ್ದ ನಾನು ಅಕ್ಕನ ಕಡೆಗೇ ವಾಲಿದೆ, ಆದರೆ ಬೆಲೆ ನೋಡಿದರೆ ಅಣ್ಣ ಅದನ್ನು ಕಪಾಟಿನಿಂದ ಹೊರಗೆ ತೆಗೆಯುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ವಾರಂಟಿ ಕಾರ್ಡು ಪೆಟ್ಟಿಗೆಯಲ್ಲಿ, ಬಿಲ್ಲು ನನ್ನ ಕಡತದಲ್ಲಿ, ಅದರ ಚಿತ್ರ ಅವನ ಮಗನ ಮೊಬೈಲಿನಲ್ಲಿ ಎಂದು ತೀರ್ಮಾನವಾಯಿತು. ಒಂದು ಹಾಳೆಯಲ್ಲಿ ಅಂಗಡಿಯ ಹೆಸರು, ಊರು, ಫೋನ್ ಸಂಖ್ಯೆ, ಸರ್ವಿಸ್ ಸೆಂಟರಿನ ವಿಳಾಸ ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಕಾರ್ಡಿನ ಕೆಳಗೆ ಇಟ್ಟೆ.

ಸಮಾರಂಭದ ರಾತ್ರಿ ಮನೆಯವರಷ್ಟೇ ಉಳಿದಾಗ ಕೊಟ್ಟೆವು. ಅಣ್ಣ ಕಟ್ಟಿಕೊಂಡ, ಕೈ ಮುಂದೆ ಚಾಚಿ ಕನ್ನಡಕವಿಲ್ಲದೆ ಗಂಟೆ ಓದಿದ, ಸರಿಯಾಗಿ ಓದಿದ. ಕಿವಿಗೆ ಹಿಡಿದ. ಪೆಟ್ಟಿಗೆಯ ತಳದಲ್ಲಿದ್ದ ಹಾಳೆ ತೆಗೆದು ಪೂರ್ತಿ ಓದಿ, ‘ಇದು ಯಾರ ಅಂಗಡಿ, ಗೊತ್ತಿದ್ದವರೇ?’ ಎಂದು ಕೇಳಿದ. ಈಗ ಗೊತ್ತಿದ್ದವರು ಅಣ್ಣಾ ಎಂದೆ. ಆಮೇಲೆ ಎಷ್ಟಾಯಿತು ಎಂದು ಕೇಳಿದ. ಅಕ್ಕ ಮಾತು ಬದಲಿಸಿ ಅಡುಗೆಮನೆಗೆ ಹೋದಳು. ಬೆಳಿಗ್ಗೆ ತಿಂಡಿಗೆ ಕೂತಾಗಲೂ ಕೇಳಿದ, ಗಂಜಿಗೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದ, ಈಗಲೂ ಫೋನ್ ಮಾಡಿದಾಗೊಮ್ಮೆ ಕೇಳುತ್ತಾನೆ. ಸೊಸೆಯ ಮಾತು ನಂಬಬಹುದಾದರೆ, ವಾಚನ್ನು ಮಾತ್ರ ದಿನವೂ ಕಟ್ಟಿಕೊಂಡೇ ಸಂತೆಗೆ ಹೋಗುತ್ತಾನೆ.